ಅರ್ಧ ದಿನದ ಯಜಮಾನಿ

ದೊಡ್ಡಕ್ಕನಿಗೆ ಕೋಪ ಬರುತ್ತಿದ್ದದ್ದು ಎರಡೇ ವಿಷಯಕ್ಕೆ. ಬಟ್ಟೆಯ ಕತ್ತರಿಯಲ್ಲಿ ಯಾರಾದರೂ ಕಾಗದ ಕತ್ತರಿಸಿದರೆ ಒಂದು, ಕಾಯಿಲೆ ಬಿದ್ದವರು ಅದನ್ನು ಮುಚ್ಚಿಟ್ಟರೆ ಇನ್ನೊಂದು. ಮೊದಲನೆಯದಕ್ಕೆ ಬೈಗುಳದ ಮಳೆ ಸುರಿದು ನಿಲ್ಲುತ್ತಿತ್ತು. ಎರಡನೆಯದಕ್ಕೆ ಆಕೆಯ ಬಾಯಿಯೇ ಕಟ್ಟಿಹೋಗುತ್ತಿತ್ತು. ಬೈಸಿಕೊಳ್ಳುವುದೇ ವಾಸಿ ಅಂತ ಅವಳ ಹತ್ತಿರ ಕೆಲಸ ಮಾಡುವವರೆಲ್ಲ ಹೇಳುತ್ತಿದ್ದರು.

ಬೀಗ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಹೊಲಿಗೆಮನೆ. ಹೋಟೆಲು, ಆಸ್ಪತ್ರೆ, ಶಾಲೆಗಳಿಗೆ ಸಮವಸ್ತ್ರ ಹೊಲಿದು ಕೊಡುವ ಕೆಲಸ, ಅಮ್ಮನ ಕಾಲದಿಂದ ನಡೆದುಬಂದದ್ದು. ಬಟ್ಟೆ ಕತ್ತರಿಸಲು ಕಟಿಂಗ್ ಮಾಸ್ತರು, ಇಸ್ತ್ರಿಗೆ ಇಸ್ತ್ರಿಯಣ್ಣ, ಕಾಜಾ ಗುಂಡಿಗೆ ಅಕ್ಕತಂಗಿಯರಿಬ್ಬರು, ಮಷೀನಿನ ಮೇಲೆ ಮೌನಿ. ಮೌನಿಯೆಂದರೆ ಮಾತು ಬಾರದವನಲ್ಲ, ಬಾಯಿ ತೆರೆದರೆ ದಾರ ಹರಿಯುತ್ತದೆ ಎನ್ನುವ ಹಾಗೆ ಕೂತಿರುವವನು ಅಷ್ಟೆ. ದೊಡ್ಡಕ್ಕನೂ ಸೇರಿ ಆರು ಜನ.

ಹಿಂದಿನ ವರ್ಷ ಇಸ್ತ್ರಿಯಣ್ಣ ಹೊಟ್ಟೆನೋವನ್ನು ಗ್ಯಾಸು ಗ್ಯಾಸು ಅಂತ ಹೇಳಿಕೊಂಡೇ ಓಡಾಡಿದ. ಕೊನೆಗೆ ಅಪೆಂಡಿಕ್ಸ್ ಒಡೆದು ಇಸ್ತ್ರಿ ಮೇಜಿನ ಕೆಳಗೇ ಮುದುಡಿಕೊಂಡ. ಮಾಸ್ತರು ಮತ್ತು ಮೌನಿ ಅವನನ್ನು ಬಟ್ಟೆಯ ಗಂಟಿನ ಹಾಗೆ ಹೊತ್ತು ಕೆಳಗಿಳಿಸಿದರು. ಜೀವ ಉಳಿಯಿತು. ಆಸ್ಪತ್ರೆಯ ಬಿಲ್ಲಿಗೆ ಎರಡು ಒಳ್ಳೆಯ ಮಷೀನು ಹೋದವು. ಅವು ನಿಂತಿದ್ದ ಕಡೆ ನೆಲ ಇನ್ನೂ ಬೆಳ್ಳಗೆ ಉಳಿದಿತ್ತು. ಹೋದ ಮಷೀನಿನ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಆದರೆ ಇಸ್ತ್ರಿಯಣ್ಣ ಮಾತ್ರ ಆ ಬಿಳಿ ಜಾಗವನ್ನು ತುಳಿಯದೆ ಸುತ್ತಿಕೊಂಡು ನಡೆಯುತ್ತಿದ್ದ. ಅದನ್ನು ನೋಡಿದಾಗಲೆಲ್ಲ ದೊಡ್ಡಕ್ಕನಿಗೆ ಒಂದೇ ಯೋಚನೆ. ಇನ್ನೊಂದು ಸಲ ಹೀಗಾದರೆ ಮಾರುವುದಕ್ಕೆ ಏನಿದೆ?

ಕೋಟಿನ ತೋಳು ಗಿಡ್ಡ ಮಾಡಿಸಲು ಬರುತ್ತಿದ್ದ ಒಬ್ಬ ಹೆಣ್ಣುಮಗಳು ವಿಮೆಯ ಕೆಲಸ ಮಾಡುತ್ತಿದ್ದಳು. ಒಂದು ದಿನ ದೊಡ್ಡಕ್ಕ ಬಾಯಲ್ಲಿದ್ದ ಪಿನ್ನು ತೆಗೆದು ಅವಳನ್ನೇ ಕೇಳಿದಳು.

"ನಮ್ಮಂಥೋರಿಗೆ ಯಾವುದಾದ್ರೂ ದಾರಿ ಇದೆಯೇನಮ್ಮ?"

"ಇದೆ ಅಕ್ಕ. ಒಬ್ಬೊಬ್ಬರೇ ಮಾಡಿಸಿದ್ರೆ ಕಂಪನಿಯವರು ಪ್ರತಿಯೊಬ್ಬರ ಆರೋಗ್ಯನೂ ಕೆದಕಿ ನೋಡ್ತಾರೆ. ಮಾಸ್ತರಿಗೆ ಶುಗರ್ ಇದೆ, ಜಾಸ್ತಿ ಕಟ್ಟಬೇಕು. ಹಳೇ ಕಾಯಿಲೆ ಇದ್ರೆ ವರ್ಷಗಟ್ಟಲೆ ಕಾಯಬೇಕು. ಎಲ್ಲರೂ ಸೇರಿ ಒಂದೇ ಗುಂಪಾಗಿ ಮಾಡಿಸಿದ್ರೆ ನಾನು ಹೇಳೋ ಪಾಲಿಸೀಲಿ ಆ ರಗಳೆ ಇಲ್ಲ. ಹಳೇ ಕಾಯಿಲೆಗೂ ಮೊದಲ ದಿನದಿಂದಲೇ ಸಿಗುತ್ತೆ. ಹೆಂಡತಿ ಮಕ್ಕಳಿಗೂ ಸಿಗುತ್ತೆ, ಹೆರಿಗೆಗೂ ಸಿಗುತ್ತೆ."

ಹೆರಿಗೆ ಎನ್ನುತ್ತಲೇ ಮಾಸ್ತರು ಕತ್ತರಿ ನಿಲ್ಲಿಸಿ ಕಿವಿ ನಿಮಿರಿಸಿದರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವರ ಹೆಂಡತಿ ಈಗ ಬಸುರಿ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?"

"ನೀವು ತೋಳಿನ ಅಳತೆ ಬಿಟ್ಟು ಬೇರೆ ಮಾತಾಡಿದ್ದೇ ಇವತ್ತು" ಎಂದು ನಕ್ಕಳು ವಿಮೆಯ ಹುಡುಗಿ. ಆಮೇಲೆ ಒಂದು ತೊಡಕು ಹೇಳಿದಳು. ಗುಂಪಿನಲ್ಲಿ ಕಡಿಮೆಯೆಂದರೆ ಏಳು ಜನ ಇರಬೇಕು. ಯಜಮಾನರೂ ಲೆಕ್ಕಕ್ಕೆ ಬರುತ್ತಾರೆ. ಆದರೂ ಇವರು ಆರೇ.

"ಯಾರನ್ನೋ ಬರೀ ಹೆಸರಿಗೆ ಸೇರಿಸಿಬಿಡಬೇಡಿ ಅಕ್ಕ. ಸಿಕ್ಕಿಬಿದ್ರೆ ಒಬ್ಬರದ್ದಲ್ಲ, ಎಲ್ಲರದ್ದೂ ರದ್ದಾಗುತ್ತೆ. ನಿಜವಾಗಿ ಕೆಲಸ ಮಾಡಬೇಕು, ನಿಜವಾಗಿ ಸಂಬಳ ತಗೋಬೇಕು. ಅರ್ಧ ದಿನದ ಕೆಲಸ ಆದ್ರೂ ಪರವಾಗಿಲ್ಲ, ಆದ್ರೆ ದಿನಾ ಬರಬೇಕು."

ಇನ್ನೊಬ್ಬ ಹೊಲಿಯುವವನನ್ನು ತರೋಣವೆಂದರೆ ಕೂರಿಸಲು ಮಷೀನಿಲ್ಲ. ದೊಡ್ಡಕ್ಕ ಕೈ ಚೆಲ್ಲಿ ಕೂತಳು. ಆಗ ಕೆಳಗೆ ಬೀದಿಯಲ್ಲಿ "ಸಾಣೇ..." ಎಂಬ ಎಳೆದ ಕೂಗು ಕೇಳಿತು.

ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುತ್ತಾ ಬೀದಿ ಬೀದಿ ಸುತ್ತುವ ಆ ಮನುಷ್ಯ ಎಲ್ಲರಿಗೂ ಸಾಣೆ ಮಾವ. ಕಾಲಲ್ಲಿ ತುಳಿದು ತಿರುಗಿಸುವ ಚಕ್ರವನ್ನು ತಳ್ಳಿಕೊಂಡು ಬರುತ್ತಿದ್ದ. ದೊಡ್ಡಕ್ಕನ ಅಮ್ಮನ ಕಾಲದಿಂದಲೂ ಈ ಹೊಲಿಗೆಮನೆಯ ಕತ್ತರಿಗಳು ಅವನ ಕೈಗೇ ಹೋಗುತ್ತಿದ್ದವು. ಐವತ್ತು ದಾಟಿದ ದೊಡ್ಡಕ್ಕನನ್ನು ಅವನು ಇವತ್ತಿಗೂ ಪುಟ್ಟಿ ಅಂತಲೇ ಕರೆಯುತ್ತಿದ್ದ. ಹಾಗೆ ಕರೆಯುವವರು ಈಗ ಅವನೊಬ್ಬನೇ ಉಳಿದಿದ್ದ.

ಅವನಿಗೊಂದು ಜಂಭವಿತ್ತು. ಯಾರಾದರೂ ಎಲ್ಲಿ ಕೆಲಸ ಮಾಡ್ತೀರಿ ಎಂದು ಕೇಳಿದರೆ ಸಾಕು, ಎದೆಯುಬ್ಬಿಸಿ "ನಾನು ಯಾರ ಆಳೂ ಅಲ್ಲ, ನನಗೆ ನಾನೇ ಯಜಮಾನ" ಅನ್ನುತ್ತಿದ್ದ. ಬೀದಿಯವರಿಗೆಲ್ಲ ಆ ಮಾತು ಬಾಯಿಪಾಠ. ಬೀಗದ ಅಂಗಡಿಯವನಂತೂ ಅವನ ದನಿಯಲ್ಲೇ ಅಣಕಿಸಿ ತೋರಿಸುತ್ತಿದ್ದ.

ದೊಡ್ಡಕ್ಕ ಅವನನ್ನು ಮೇಲೆ ಕರೆಸಿ ವಿಷಯ ಹೇಳಿದಳು. ದಿನಾ ಬೆಳಿಗ್ಗೆ ಇಲ್ಲಿ ಕೆಲಸ, ತಿಂಗಳಿಗೆ ಸಂಬಳ. ಮಧ್ಯಾಹ್ನದ ಮೇಲೆ ಅವನ ಬೀದಿ ಅವನಿಗೆ. ಸಾಣೆ ಮಾವ ಕಟಿಂಗ್ ಮೇಜಿನ ಅಂಚು ಹಿಡಿದುಕೊಂಡು ತಲೆತಗ್ಗಿಸಿದ.

"ಬೇಡ ಪುಟ್ಟಿ. ನನ್ನ ತಗೊಂಡು ನೀನು ಕೆಡ್ತೀಯ. ನನ್ನ ಎದೇಲಿ ಒಂದು ಕವಾಟ ಸರಿಯಿಲ್ಲ. ಡಾಕ್ಟ್ರು ಆವಾಗಲೇ ಹೇಳಿದ್ರು, ಇವತ್ತಲ್ಲ ನಾಳೆ ಬದಲಾಯಿಸಬೇಕು ಅಂತ. ನಾನೂ ಒಂದು ಸಲ ವಿಮೆ ಮಾಡಿಸೋಕೆ ಹೋಗಿದ್ದೆ. ಎದೆ ಪರೀಕ್ಷೆ ಮಾಡಿಸಿದ್ರು, ಆಮೇಲೆ ಮುಖ ಕೊಟ್ಟು ಮಾತಾಡ್ಲಿಲ್ಲ. ಒಂಟಿ ಕಸುಬಿನವನನ್ನ ಯಾರು ಸೇರಿಸ್ಕೋತಾರೆ?"

ದೊಡ್ಡಕ್ಕನ ಬಾಯಿ ಕಟ್ಟಿಹೋಯಿತು. ಮೆಟ್ಟಿಲ ತಿರುವಿನಲ್ಲಿ ಅವನು ಪ್ರತಿ ಸಲವೂ ನಿಂತು ಗೋಡೆ ನೋಡುತ್ತಿದ್ದದ್ದು ಅವಳಿಗೆ ನೆನಪಾಯಿತು. ಆ ಗೋಡೆಯಲ್ಲಿ ನೋಡುವಂಥದ್ದು ಒಂದು ಮೊಳೆಯೂ ಇರಲಿಲ್ಲ. ಇಷ್ಟು ವರ್ಷ ತನಗೆ ಅದು ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಇಸ್ತ್ರಿಯಣ್ಣ ಮೆಲ್ಲಗೆ ಬಂದು, "ಮಾವ, ಒಂದೆರಡು ಬೈಸ್ಕೊಳಿ, ಅಕ್ಕ ಹೀಗೆ ಸುಮ್ನಿದ್ರೆ ನಮಗೆ ಕಷ್ಟ" ಅಂದ.

ವಿಮೆಯ ಹುಡುಗಿಯನ್ನು ಕೇಳಿದಾಗ ಅವಳು ಹೆಚ್ಚು ಯೋಚಿಸಲೂ ಇಲ್ಲ. "ಇದ್ದದ್ದನ್ನ ಇದ್ದ ಹಾಗೇ ಬರೆದುಕೊಡೋಣ ಅಕ್ಕ. ಗುಂಪಿಗೆ ಸೇರಿದೋರನ್ನ ಹಳೇ ಕಾಯಿಲೆ ಇದೆ ಅಂತ ಅವರು ಹೊರಗಿಡೋ ಹಾಗಿಲ್ಲ. ಮಾವ ನಿಜವಾಗಿ ಕೆಲಸಕ್ಕೆ ಬಂದ್ರೆ ಸಾಕು."

ಹೀಗೆ ಸಾಣೆ ಮಾವ ಜನ್ಮದಲ್ಲಿ ಮೊದಲ ಸಲ ಒಂದು ಕೆಲಸಕ್ಕೆ ಸೇರಿದ. ಅವನಂಥ ಕಷ್ಟದ ಕೆಲಸಗಾರ ಇನ್ನೊಬ್ಬನಿರಲಿಲ್ಲ! ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಇದ್ದ ಕತ್ತರಿಗಳನ್ನೆಲ್ಲ ಮಸೆದು ಮುಗಿಸಿ, ಕೂತು ಸಂಬಳ ತಿನ್ನಲಾರೆ ಅಂತ ಮತ್ತೆ ಮೊದಲಿನಿಂದ ಮಸೆಯಲು ಹೊರಡುತ್ತಿದ್ದ. ಅಕ್ಕತಂಗಿಯರು ತಮ್ಮ ಚಿಕ್ಕ ಕತ್ತರಿಗಳನ್ನು ಸೆರಗಿನೊಳಗೆ ಅಡಗಿಸಿಟ್ಟುಕೊಳ್ಳತೊಡಗಿದರು.

"ಮಾವ, ಇನ್ನೊಂದು ವಾರ ಹೀಗೇ ಮಸೆದ್ರೆ ಕತ್ತರಿ ಹೋಗಿ ಸೂಜಿ ಆಗುತ್ತೆ" ಅಂದಳು ತಂಗಿ.

ದೊಡ್ಡಕ್ಕ ತಲೆ ಓಡಿಸಿ ಮಷೀನುಗಳ ಉಸ್ತುವಾರಿಯನ್ನು ಅವನಿಗೆ ವಹಿಸಿದಳು. ಎಣ್ಣೆ ಬಿಡುವುದು, ಬೆಲ್ಟು ಬಿಗಿಸುವುದು, ಸಡಿಲಾದ ತಿರುಪು ಹಾಕುವುದು. ಮೌನಿಯ ಮಷೀನು ವರ್ಷಗಳಿಂದ ಸೀನುತ್ತ ಕೆಮ್ಮುತ್ತ ನಡೆಯುತ್ತಿತ್ತು, ಅದು ಮೆತ್ತಗೆ ಓಡತೊಡಗಿತು. ಮೌನಿ ಏನೂ ಹೇಳಲಿಲ್ಲ. ಆದರೆ ಅವತ್ತಿನಿಂದ ತನ್ನ ಪಾಲಿನ ಚಹಾದಲ್ಲಿ ಅರ್ಧ ಮಾವನಿಗೆ ಸುರಿದುಕೊಡತೊಡಗಿದ. ಮಧ್ಯಾಹ್ನ ಊಟವಾದ ಕೂಡಲೇ ಮಾವ ಹೆಗಲಿಗೆ ಟವೆಲು ಹಾಕಿ, "ಬರ್ತೀನಿ ಪುಟ್ಟಿ, ಇನ್ನು ನನಗೆ ನಾನೇ" ಅಂತ ಇಳಿದು ಹೋಗುತ್ತಿದ್ದ.

ಕೆಲವು ತಿಂಗಳು ಹೀಗೇ ಹೋದವು. ಒಂದು ಬೆಳಿಗ್ಗೆ ಮಾವ ಮೆಟ್ಟಿಲ ತಿರುವಿನಲ್ಲಿ ನಿಂತವನು ಮೇಲೆ ಬರಲೇ ಇಲ್ಲ. ದೊಡ್ಡಕ್ಕ ಓಡಿ ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದ, ತುಟಿ ನೀಲಿಯಾಗಿತ್ತು. ಇನ್ನು ತಡ ಮಾಡುವ ಹಾಗಿಲ್ಲ, ಕವಾಟ ಬದಲಾಯಿಸಲೇಬೇಕು ಎಂದರು ಡಾಕ್ಟರು. ದಿನ ಗೊತ್ತು ಮಾಡಿದರು. ಚಕ್ರ ತುಳಿಯಬಾರದು, ಕೂತು ಮಾಡುವ ಸಣ್ಣಪುಟ್ಟ ಕೆಲಸ ಮಾಡಬಹುದು ಅಂದರು. ಖರ್ಚಿನ ಒಪ್ಪಿಗೆ ಕೇಳಿ ಆಸ್ಪತ್ರೆಯಿಂದ ವಿಮೆ ಕಂಪನಿಗೆ ಕಾಗದ ಹೋಯಿತು. ಸೇರಿ ಸ್ವಲ್ಪ ದಿನಕ್ಕೇ ಇಷ್ಟು ದೊಡ್ಡ ಆಪರೇಷನ್ನು ಎಂದರೆ ಅವರಿಗೂ ಅನುಮಾನ ಬರುವುದು ಸಹಜ. ವಿಚಾರಿಸಲು ಒಬ್ಬ ಅಧಿಕಾರಿಯನ್ನು ಕಳಿಸಿದರು.

ಆ ಅಧಿಕಾರಿ ಬಂದದ್ದು ಮಧ್ಯಾಹ್ನದ ಮೇಲೆ. ದೊಡ್ಡಕ್ಕ ಹೋಟೆಲಿಗೆ ಕೋಟುಗಳನ್ನು ಒಪ್ಪಿಸಲು ಹೋಗಿದ್ದಳು. ಮಾವ ಚಕ್ರ ತುಳಿಯಬಾರದೆಂದ ಮೇಲೆ ಕೈಯಲ್ಲೊಂದು ಸಾಣೆಕಲ್ಲು ಹಿಡಿದು ಬೀದಿಯ ತುದಿಯ ಕ್ಷೌರದಂಗಡಿಗೆ ಹೋಗಿ ಕೂತಿದ್ದ. ಮನೆಯಲ್ಲಿ ಕೂತರೆ ಹೆಂಡತಿಯ ಮುಖ ನೋಡಿ ಭಯವಾಗುತ್ತದೆ ಅನ್ನುತ್ತಿದ್ದ.

ದೊಡ್ಡಕ್ಕ ಮಹಡಿ ಹತ್ತಿ ಬಂದಾಗ ಕಂಡದ್ದು ಸ್ಟೂಲಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ಒಬ್ಬ ಅಪರಿಚಿತ. ಅವನ ಕೋಟಿನ ಒಂದು ಗುಂಡಿ ದಾರದ ತುದಿಯಲ್ಲಿ ಜೋತಾಡುತ್ತಿತ್ತು. ಮಾಸ್ತರು, ಇಸ್ತ್ರಿಯಣ್ಣ, ಅಕ್ಕತಂಗಿಯರು, ಮೌನಿ ಐದೂ ಜನ ತಲೆ ಮೇಲೆತ್ತದೆ ಕೆಲಸ ಮಾಡುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಅವರು ಕೆಲಸ ಮಾಡಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಏನೋ ಎಡವಟ್ಟಾಗಿದೆ ಅಂತ ಆಗಲೇ ಗೊತ್ತಾಯಿತು.

"ನೀವೇನಾ ಯಜಮಾನಿ?" ಎಂದ ಅಧಿಕಾರಿ. "ನಿಮ್ಮ ಸಾಣೆಯವರನ್ನ ನೋಡೋಕೆ ಬಂದೆ. ಕೆಳಗೆ ಬೀಗದ ಅಂಗಡಿಯವರನ್ನ ಕೇಳಿದ್ರೆ, ಅವರು ಯಾರ ಆಳೂ ಅಲ್ಲ, ಅವರಿಗೆ ಅವರೇ ಯಜಮಾನ ಅಂದ್ರು. ಮೇಲೆ ಬಂದ್ರೆ ಮಾಸ್ತರು ಹೇಳ್ತಾರೆ, ಬಚ್ಚಲಿಗೆ ಹೋಗಿದಾರೆ ಅಂತ. ಇಸ್ತ್ರಿಯವರು ದಾರ ತರೋಕೆ ಹೋದ್ರು ಅಂದ್ರು. ಇವರಿಬ್ಬರಲ್ಲಿ ಒಬ್ಬರ ಪ್ರಕಾರ ತಲೆನೋವು ಅಂತ ಮನೆಗೆ ಹೋಗಿದಾರೆ, ಇನ್ನೊಬ್ಬರ ಪ್ರಕಾರ ನಿಮ್ಮ ಜೊತೆಗೇ ಹೋಟೆಲಿಗೆ ಹೋಗಿದಾರೆ. ನಿಮ್ಮ ಹತ್ರ ಎಷ್ಟು ಜನ ಸಾಣೆಯವರು ಇದಾರೆ?"

ದೊಡ್ಡಕ್ಕ ಮೌನಿಯ ಕಡೆ ನೋಡಿದಳು.

"ಅವರೂ ಹೇಳಿದ್ರು," ಎಂದ ಅಧಿಕಾರಿ, "ಈಗ ತಾನೇ ಇಲ್ಲೇ ಇದ್ರು ಅಂತ."

ವರ್ಷಕ್ಕೊಮ್ಮೆ ಬಾಯಿ ತೆರೆಯುವವನು ಅವತ್ತೇ ತೆರೆದಿದ್ದ, ಅದೂ ಸುಳ್ಳು ಹೇಳಲು! ದೊಡ್ಡಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅರ್ಧ ದಿನ ಮಾತ್ರ ಕೆಲಸ ಅಂತ ಗೊತ್ತಾದರೆ ಮಾವನ ಆಪರೇಷನ್ನು ನಿಂತುಹೋಗುತ್ತದೆ ಎಂದು ಅವರೆಲ್ಲ ಹೆದರಿದ್ದರು. ಒಬ್ಬರನ್ನೊಬ್ಬರು ಕೇಳದೆ, ಒಬ್ಬೊಬ್ಬರೂ ಪ್ರೀತಿಯಿಂದ ಒಂದೊಂದು ಸುಳ್ಳು ಹೇಳಿಬಿಟ್ಟಿದ್ದರು. ಅರ್ಧ ದಿನವೂ ನಡೆಯುತ್ತದೆ ಎಂದು ವಿಮೆಯ ಹುಡುಗಿ ಎಲ್ಲರೆದುರೇ ಹೇಳಿದ್ದಳು. ಆದರೆ ಭಯ ಬಂದಾಗ ಕೇಳಿದ್ದು ನೆನಪಿಗೆ ಬರಬೇಕಲ್ಲ.

ಈಗ ಅವಳು ಏನು ಹೇಳಿದರೂ ಆರನೆಯ ಸುಳ್ಳಿನ ಹಾಗೆ ಕೇಳುತ್ತದೆ. ಹೋಗುವುದು ಮಾವನ ಜೀವ ಮಾತ್ರವಲ್ಲ. ಸುಳ್ಳು ಗುಂಪು ಎಂದು ಬರೆದುಕೊಂಡು ಹೋದರೆ ಎಲ್ಲರ ವಿಮೆಯೂ ಹೋಗುತ್ತದೆ, ಮಾಸ್ತರ ದಿನ ತುಂಬಿದ ಹೆಂಡತಿಯದ್ದೂ ಹೋಗುತ್ತದೆ.  ಆದರೂ ನಿಂತೇ ಹೇಳಿದಳು.

"ಇವರು ಹೇಳಿದ್ದು ಯಾವುದೂ ನಿಜ ಅಲ್ಲ ಸಾರ್. ಹೆದರ್ಕೊಂಡು ಹೇಳಿದ್ದು. ಮಾವ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಮಾತ್ರ ಇಲ್ಲಿ ಕೆಲಸ ಮಾಡ್ತಾರೆ. ದಿನಾ ಬರ್ತಾರೆ. ಇವತ್ತೂ ಬಂದಿದ್ರು. ಮಧ್ಯಾಹ್ನದ ಮೇಲೆ ಅವರು ಸ್ವಂತ ಕೆಲಸಕ್ಕೆ ಹೋಗ್ತಾರೆ, ಈಗ ಕ್ಷೌರದಂಗಡೀಲಿ ಇರಬೇಕು. ನಾವು ಮೊದಲು ಬರೆದುಕೊಟ್ಟಿದ್ದೂ ಹಾಗೇ."

"ಬರೆದಿರೋದು ನೋಡಿದೀನಿ" ಎಂದ ಅಧಿಕಾರಿ. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ, ದಣಿವಿತ್ತು. "ಬರೆದಿರೋ ಹಾಗೆ ನಡೀತಿದೆಯಾ ಅಂತ ನೋಡೋಕೇ ಬಂದಿದ್ದು. ಐದು ಜನ ಐದು ಮಾತು ಹೇಳಿದ ಮೇಲೆ ನಿಮ್ಮ ಮಾತನ್ನ ನಾನು ಹ್ಯಾಗಮ್ಮ ನಂಬೋದು?"

ಆಗ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತು. ಎಲ್ಲರಿಗೂ ಗೊತ್ತಿದ್ದ ಹೆಜ್ಜೆ. ತಿರುವಿಗೆ ಬಂದು ಸದ್ದು ನಿಂತಿತು. ಮಷೀನು ನಿಂತಿತು, ಇಸ್ತ್ರಿಯಣ್ಣ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟ.  ದೊಡ್ಡಕ್ಕನ ಕಾಲು ಬಾಗಿಲ ಕಡೆ ಹೊರಟೇಬಿಟ್ಟಿತ್ತು. ಅಷ್ಟರಲ್ಲಿ ಮತ್ತೆ ಹೆಜ್ಜೆ ಕೇಳಿತು, ಒಂದು, ಮತ್ತೊಂದು. ಸಾಣೆ ಮಾವ ಬಾಗಿಲಲ್ಲಿ ನಿಂತು ಚೌಕಟ್ಟು ಹಿಡಿದುಕೊಂಡ. ಮರೆತು ಬಿಟ್ಟುಹೋಗಿದ್ದ ಕನ್ನಡಕ ತೆಗೆದುಕೊಂಡು ಹೋಗಲು ಬಂದಿದ್ದ.

ಒಳಗೆ ಕೂತವನು ಯಾರೋ ಗಿರಾಕಿ ಎಂದುಕೊಂಡ. ಆ ಗಿರಾಕಿಯಾದರೋ ಎಲ್ಲರ ಹೇಳಿಕೆ ಬರೆದುಕೊಳ್ಳಬೇಕೆಂದು ಚೀಲದಿಂದ ಹೊಸ ಕಾಗದದ ಕಟ್ಟು ತೆಗೆದು, ಅದರ ಸುತ್ತಿನ ಹೊದಿಕೆ ಬಿಚ್ಚಲಾಗದೆ, ಮಾಸ್ತರ ಮೇಜಿನ ಮೇಲಿದ್ದ ದೊಡ್ಡ ಕತ್ತರಿಗೆ ಕೈ ಹಾಕಿದ. ದೊಡ್ಡಕ್ಕ ನೋಡಿದಳು, ಮಾಸ್ತರೂ ನೋಡಿದರು. ಬೇರೆ ದಿನವಾಗಿದ್ದರೆ ಕಟ್ಟಡ ಹಾರಿಹೋಗುವ ಹಾಗೆ ಕೂಗಿಕೊಳ್ಳುತ್ತಿದ್ದರು. ಅವತ್ತು ಇಬ್ಬರಿಗೂ ಬಾಯಿ ಬರಲಿಲ್ಲ.

ಏದುಸಿರು ಬಿಡುತ್ತಲೇ ಮಾವ ಬಂದು ಅಧಿಕಾರಿಯ ಮುಂಗೈ ಹಿಡಿದುಕೊಂಡ.

"ಸ್ವಾಮೀ, ತಪ್ಪು ತಿಳ್ಕೋಬೇಡಿ. ಅದಕ್ಕೆ ಬೆಳಿಗ್ಗೆ ಸಾಣೆ ಹಿಡಿದಿದೀನಿ. ಕಾಗದಕ್ಕೆ ಹಾಕಿದ್ರೆ ನಾಳೆ ಬಂದ ತಕ್ಷಣ ನಮ್ಮ ಯಜಮಾನಿ ನನ್ನ ಚರ್ಮ ಸುಲಿದುಬಿಡ್ತಾರೆ."

"ಯಾರ ಯಜಮಾನಿ?" ಎಂದ ಅಧಿಕಾರಿ.

"ನಮ್ಮ ಯಜಮಾನಿ" ಎಂದು ಮಾವ ದೊಡ್ಡಕ್ಕನ ಕಡೆ ಗಲ್ಲ ಎತ್ತಿ ತೋರಿಸಿದ. ತೋರಿಸಿದ ಮೇಲೆ ತನ್ನ ಬಾಯಿಂದ ಏನು ಬಂತೆಂದು ಅವನಿಗೇ ಕೇಳಿಸಿದ ಹಾಗಿತ್ತು.  ಆಮೇಲೆ ನೆಟ್ಟಗೆ ನಿಂತು, "ಬೆಳಿಗ್ಗೆ ಹೊತ್ತು ಇವರ ಕೈಕೆಳಗೆ. ಮಧ್ಯಾಹ್ನದ ಮೇಲೆ ನಾನು ಯಾರ ಆಳೂ ಅಲ್ಲ" ಅಂದ.

ಅಧಿಕಾರಿ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟ. ಬಹಳ ಹೊತ್ತಿನ ಮೇಲೆ ಅವನ ಮುಖದಲ್ಲಿ ನಗು ಕಂಡಿತು.

"ಯಜಮಾನಿ ಹೇಳಿದ್ದೂ ಇದನ್ನೇ. ನೀವು ಮೆಟ್ಟಿಲು ಹತ್ತೋಕೆ ಮುಂಚೆ" ಎಂದ. ತನ್ನ ಪರಿಚಯ ಹೇಳಿಕೊಂಡ. ಮಾವನನ್ನು ಕೂರಿಸಿ, ಬೆಳಿಗ್ಗೆ ಏನೇನು ಮಾಡಿದ್ದು ಅಂತ ಕೇಳಿದ. ಮೌನಿಯ ಮಷೀನಿನ ಹೊಸ ಬೆಲ್ಟು ಮುಟ್ಟಿ ನೋಡಿದ. ಆಮೇಲೆ ಉಳಿದ ಐವರ ಕಡೆ ತಿರುಗಿದ. "ಅವರಿಗೆ ಸಿಗಬೇಕಾದ್ದು ಅವರ ಹಕ್ಕು. ಯಾರ ದಯೆಯೂ ಅಲ್ಲ, ನನ್ನದಂತೂ ಅಲ್ಲವೇ ಅಲ್ಲ. ನಾನು ಇಲ್ಲ ಅಂತ ಬರೆದ್ರೂ ನನ್ನ ಮೇಲಿನವರ ಹತ್ರ ಹೋಗಿ ಕೇಳೋ ಹಕ್ಕು ನಿಮಗಿತ್ತು. ನಿಜ ಇಷ್ಟು ಗಟ್ಟಿ ಇರೋವಾಗ ಯಾಕೆ ಸುಳ್ಳು ಹೇಳೋಕೆ ಹೋದ್ರಿ?"

 ಮಾಸ್ತರು ಕಣ್ಣೊರೆಸಿಕೊಂಡು, ಬಟ್ಟೆಯ ಧೂಳು ಬಿತ್ತು ಅಂದರು. ಇದೂ ಸುಳ್ಳೇ.

ಅಧಿಕಾರಿ ಹೊರಡಲು ಎದ್ದಾಗ ಕಾಜಾದ ಅಕ್ಕ ತಡೆದಳು. "ಸಾರ್, ಬರೆದುಕೊಂಡು ಆಯ್ತಲ್ಲ? ಇನ್ನು ಇದು ಲಂಚ ಆಗಲ್ಲ. ಆ ಗುಂಡಿ ನೋಡಿ ನೋಡಿ ನನ್ನ ಕೈ ತುರಿಸ್ತಾ ಇದೆ, ಕೋಟು ಕೊಡಿ." ಅವನು ಕೋಟು ಬಿಚ್ಚಿ ಕೊಟ್ಟು, ಅಂಗಿಯಲ್ಲೇ ಕೂತು ಚಹಾ ಕುಡಿದ.

ಒಪ್ಪಿಗೆ ಬಂತು. ಆಪರೇಷನ್ನು ಗೊತ್ತಾದ ದಿನವೇ ನಡೆಯಿತು. ಕೋಣೆಯ ಹೊರಗಿನ ಬೆಂಚಿನ ಮೇಲೆ ದೊಡ್ಡಕ್ಕ ಮಾವನ ಹೆಂಡತಿಯ ಕೈ ಹಿಡಿದು ಕೂತಿದ್ದಳು. ಡಾಕ್ಟರು ಬಂದು ಎಲ್ಲ ಸರಿಹೋಯಿತು ಎಂದಾಗ ಆ ಹೆಂಗಸು ದೊಡ್ಡಕ್ಕನ ಕಾಲಿಗೆ ಬಗ್ಗಿದಳು. ದೊಡ್ಡಕ್ಕ ಅವಳನ್ನು ಎತ್ತಿ ಹಿಡಿದು, "ಅತ್ತೆ, ಹಂಗೆಲ್ಲ ಮಾಡಬೇಡಿ, ನಾವು ಆರೇ ಜನ ಇದ್ವಿ" ಅಂದಳು. ಆ ಮಾತು ಅತ್ತೆಗೆ ಅರ್ಥವಾಗಲಿಲ್ಲ. ದೊಡ್ಡಕ್ಕ ಅವಳ ಸೆರಗು ಸರಿಮಾಡಿ ಪಕ್ಕದಲ್ಲಿ ಕೂರಿಸಿಕೊಂಡಳು.

ಅದೇ ತಿಂಗಳು, ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಮಾಸ್ತರಿಗೆ ಮಗಳು ಹುಟ್ಟಿದಳು. ಹೆರಿಗೆ ಕಷ್ಟದ್ದಾಗಿ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾಯಿತು. ತಾಯಿ, ಮಗು ಇಬ್ಬರೂ ಕ್ಷೇಮ. ಬಿಲ್ಲಿನ ವಿಷಯಕ್ಕೆ ಯಾರೂ ಯಾವ ಮಷೀನಿನ ಕಡೆಯೂ ನೋಡಬೇಕಾಗಲಿಲ್ಲ. ಮಾಸ್ತರು ಕೂಸನ್ನು ಎತ್ತಿಕೊಂಡು ಮೇಲಿನ ಮಹಡಿಗೆ ಹೋಗಿ ಮಾವನಿಗೆ ತೋರಿಸಿ, "ನೀವು ಏಳನೆಯವರಾಗಿ ಬರದಿದ್ರೆ ನನ್ನ ಗತಿ ಏನಾಗ್ತಿತ್ತೋ ಮಾವ" ಅಂದರು. ಮಾವ ತನ್ನ ಕಟ್ಟು ಹಾಕಿದ ಎದೆಯ ಮೇಲೆ ಕೈಯಿಟ್ಟುಕೊಂಡು ಮಗುವನ್ನೇ ನೋಡುತ್ತಿದ್ದ.

ಡಾಕ್ಟರು ಹೇಳಿದ ವಿಶ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಆ ಹೆಜ್ಜೆ ಕೇಳಿತು. ತಿರುವಿನಲ್ಲಿ ನಿಲ್ಲಲಿಲ್ಲ. ಒಂದೇ ಸಮನೆ ಹತ್ತಿ ಬಂದು ಬಾಗಿಲಲ್ಲಿ ನಿಂತ ಮಾವ ಕೈಮುಗಿದು, "ನಮಸ್ಕಾರ ಯಜಮಾನಿಯವ್ರೇ. ಯಾವ ಕತ್ತರಿ ಮೊದಲು?" ಅಂದ.

ದೊಡ್ಡಕ್ಕ ನಕ್ಕುಬಿಡುತ್ತಾಳೆ ಎಂದು ಎಲ್ಲರೂ ಕಾದರು. ಅವಳಿಗೆ ಅಳು ಬಂತು, ಅಳುವಿನ ಜೊತೆಗೆ ಸಿಟ್ಟೂ ಬಂತು.

"ಅವತ್ತು ಬಾಯಿ ತಪ್ಪಿ ಅಂದ್ರಿ, ಅದ್ರಿಂದ ಜೀವ ಉಳೀತು, ಆಯ್ತು. ಇನ್ನೊಂದು ಸಲ ಹಾಗೆ ಕರೆದ್ರೆ ನೋಡಿ. ನನ್ನ ಹಾಗೆ ಕರೆಯೋಕೆ ಊರೆಲ್ಲ ಇದೆ. ಪುಟ್ಟಿ ಅನ್ನೋಕೆ ನೀವೊಬ್ಬರೇ ಇರೋದು. ಅದನ್ನೂ ಕಳ್ಕೊಂಡು ನಾನು ಎಲ್ಲಿಗೆ ಹೋಗ್ಲಿ?"

ಮಾವ ಹೋಗಿ ತನ್ನ ಜಾಗದಲ್ಲಿ ಕೂತ. ಕತ್ತರಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ, ಮೌನಿಯ ಮಷೀನಿಗೆ ಎಣ್ಣೆ ಬಿಟ್ಟ, ಅರ್ಧ ಚಹಾ ಕುಡಿದ. ಇಸ್ತ್ರಿಯಣ್ಣ ಕೋಟುಗಳ ರಾಶಿ ಹೊತ್ತುಕೊಂಡು ಆ ಬಿಳಿ ಜಾಗದ ಮೇಲೇ ಹಾದುಹೋದ. ದೊಡ್ಡಕ್ಕನೂ ಮಾವನ ಕಡೆ ನೋಡದೆ ಕಾಲರಿಗೆ ಚಾಕ್ ಗುರುತು ಹಾಕುತ್ತಾ ನಿಂತಿದ್ದಳು.

ಊಟವಾಯಿತು. ಮಾವ ಕೈ ತೊಳೆದು ಟವೆಲನ್ನು ಹೆಗಲಿಗೆ ಹಾಕಿಕೊಂಡ. ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಬೆಳಿಗ್ಗೆ ಹೊತ್ತು ಮಾತ್ರ ಯಜಮಾನಿ" ಅಂದ. "ಈಗ ಮಧ್ಯಾಹ್ನ ಆಯ್ತು. ಬರ್ತೀನಿ ಪುಟ್ಟಿ."